ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ

ಪ್ರಿಯ ಸದಸ್ಯರೇ,

ನಮ್ಮ ಸಂಘದ ದೊಡ್ಡಮ್ಮನನ್ನು ನಿಮ್ಮಲ್ಲಿ ಹೆಚ್ಚಿನವರು ಬಲ್ಲಿರಿ. ರಾಜ್ಯೋತ್ಸವದ ದಿನ ಮೊದಲ ಸಾಲಿನಲ್ಲಿ, ಫ್ಯಾನಿನ ನೇರ ಕೆಳಗೆ ಕೂರುವವರು. ಕಾರ್ಕಳದ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಗಂಡ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಎಸ್ಸೆಸ್ಸಿ ಮುಗಿಸಿದವರು. ಆ ಇಬ್ಬರಿಗೂ ಸಿನಿಮಾ ಅಂದರೆ ಪ್ರಾಣ. ಮಾಟುಂಗಾದ ಅರೋರಾ ಚಿತ್ರಮಂದಿರ ಆಗ ದಕ್ಷಿಣದ ಸಿನಿಮಾಗಳಿಗೆ ಹೆಸರುವಾಸಿ. ಅಲ್ಲಿಗೆ ರಾಜ್‌ಕುಮಾರ್ ಬಂದರು ಅಂದರೆ ಡೊಂಬಿವಲಿಯಿಂದ ಲೋಕಲ್ ಹಿಡಿದು, ತಿಂಡಿ ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಹೊರಡುತ್ತಿದ್ದರು. ಊರಿಗೆ ಹೋಗಲು ವರ್ಷಕ್ಕೊಮ್ಮೆಯೂ ಆಗುತ್ತಿರಲಿಲ್ಲ. ಊರಿನ ಮಾತು ಕಿವಿತುಂಬ ಕೇಳಲು ಆ ಮೂರು ಗಂಟೆ ಸಿಗುತ್ತಿತ್ತು.

ಈ ಜೂನ್ ತಿಂಗಳಲ್ಲಿ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಟಿವಿಯಲ್ಲಿ ಹಳೆಯ ಕಪ್ಪು ಬಿಳುಪು ಪೌರಾಣಿಕ ಸಿನಿಮಾ ಓಡುತ್ತಿತ್ತು. ಸದ್ದೇ ಇಲ್ಲ. ಕಿರೀಟ ತೊಟ್ಟ ರಾಜ್‌ಕುಮಾರ್ ಕೈ ಎತ್ತಿ ಏನೋ ಹೇಳುತ್ತಿದ್ದಾರೆ, ದೊಡ್ಡಮ್ಮ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಾರೆ. ಸದ್ದು ಜಾಸ್ತಿ ಮಾಡಲೇ ಅಂತ ಸನ್ನೆ ಮಾಡಿ ಕೇಳಿದೆ.

“ಬೇಡ ಮಾರಾಯ್ತಿ, ಜೋರು ಮಾಡಿದ್ರೆ ಗಲಾಟೆ ಜೋರಾಗ್ತದೆ ಅಷ್ಟೇ. ಅಣ್ಣಾವ್ರ ಸ್ವರ ಕೇಳ್ತದೆ. ಎಂತ ಹೇಳ್ತಾರೆ ಅಂತ ಗೊತ್ತಾಗುದಿಲ್ಲ.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಕಿವಿಯ ಡಾಕ್ಟರೊಬ್ಬರನ್ನು ಕೇಳಿದಾಗ ಅರ್ಥವಾಯಿತು. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ಏರುದನಿಯನ್ನು, ಅಂದರೆ ಹೆಚ್ಚು ಕಂಪನದ ಸದ್ದನ್ನು ಹಿಡಿಯುವ ಶಕ್ತಿ. ಅ, ಆ, ಓ ಎಂಬ ಸ್ವರಗಳ ಬಲವೆಲ್ಲ ಕೆಳಗಿನ ಕಂಪನದಲ್ಲಿರುತ್ತದೆ, ಹಾಗಾಗಿ ಅವು ಉಳಿದುಕೊಳ್ಳುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳು ಸಣ್ಣ ಸದ್ದಿನವು, ಮೇಲಿನ ಕಂಪನದವು. ಅವು ಮೊದಲು ಅಳಿಸಿಹೋಗುತ್ತವೆ. ಒಬ್ಬರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಅಂತಲೂ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಕಿವಿಗೆ ಹಾಕುವ ಯಂತ್ರ ಎದುರಿಗೆ ಕೂತವರ ಮಾತಿಗೆ ಸಾಕಾಗುತ್ತದೆ. ಸಿನಿಮಾದಲ್ಲಿ ಮಾತಿನ ಹಿಂದೆ ಪಿಟೀಲು, ತಬಲ, ಗುಡುಗು ಎಲ್ಲ ಇರುತ್ತವಲ್ಲ, ಯಂತ್ರ ಅವನ್ನೂ ಸೇರಿಸಿಯೇ ದೊಡ್ಡದು ಮಾಡುತ್ತದೆ.

ಸಬ್‌ಟೈಟಲ್ ಇದೆಯಲ್ಲ ಅನ್ನಬಹುದು. ಇದೆ, ಇಂಗ್ಲಿಷಿನಲ್ಲಿ. ದೊಡ್ಡಮ್ಮ ಓದಿದ್ದು ಐದನೇ ಕ್ಲಾಸು, ಕನ್ನಡದಲ್ಲಿ. ಇವತ್ತಿಗೂ ಭೂತಗನ್ನಡಿ ಹಿಡಿದು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಅಕ್ಷರ ಸಲೀಸಾಗಿ ಸಿಗುತ್ತದೆ, ಕನ್ನಡ ಅಕ್ಷರ ಸಿಗುವುದು ಅಪರೂಪ. ಕನ್ನಡ ಬಲ್ಲವರಿಗೆ ಕನ್ನಡ ಅಕ್ಷರ ಯಾಕೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ.

ಈ ವಿಷಯವನ್ನು ಸಂಘದ ಸಭೆಯಲ್ಲಿ ಸುಮ್ನೆ ಹೇಳಿದೆ, ಅಷ್ಟೇ. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ಹುಡುಗ ತಲೆ ಎತ್ತಿದ. ಇಂಜಿನಿಯರಿಂಗ್ ಎರಡನೇ ವರ್ಷ. ಅಪ್ಪುವಿನ ಕಟ್ಟಾ ಅಭಿಮಾನಿ. ಅವನ ಬೈಕಿನ ಹಿಂದೆ, ಹೆಲ್ಮೆಟ್ಟಿನ ಮೇಲೆ, ಮೊಬೈಲಿನ ಕವರಿನ ಮೇಲೆ ಪುನೀತ್ ರಾಜ್‌ಕುಮಾರ್ ನಗುತ್ತಿದ್ದಾರೆ. ಮಾತಾಡುವುದು ಚೆಂದದ ಕನ್ನಡ, ಓದಲು ಬರೆಯಲು ಮಾತ್ರ ಬರುತ್ತಿರಲಿಲ್ಲ. ನಮ್ಮ ಮಕ್ಕಳ ಕತೆ ಹೆಚ್ಚುಕಡಿಮೆ ಹೀಗೇ ಅಲ್ವಾ? “ಆಂಟಿ, ಅದು ನಾವು ಮಾಡ್ಬಹುದು” ಅಂದ.

ಇಲ್ಲಿ ಒಂದು ಮಾತು ಹೇಳಬೇಕು. ಸಿನಿಮಾ ಅಭಿಮಾನವನ್ನು ಹಗುರವಾಗಿ ನೋಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕಟೌಟಿಗೆ ಹಾಲು ಸುರಿಯುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಈ ಹುಡುಗನಿಂದ ನಾನು ಕಲಿತದ್ದಿದೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು, ಬರೀ 46 ವರ್ಷ. ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು ಅಂತ ನಾವೆಲ್ಲ ಪೇಪರಿನಲ್ಲಿ ಓದಿದ್ದೆವು. ಎರಡು ಕಣ್ಣು ನಾಲ್ಕು ಹೇಗಾಯಿತು ಅಂತ ನಾನು ಕೇಳಿಕೊಂಡಿರಲಿಲ್ಲ. ಇವನು ಕೇಳಿಕೊಂಡಿದ್ದ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಕಾರ್ನಿಯಾ ಅನ್ನುತ್ತಾರೆ, ದಪ್ಪ ಸುಮಾರು ಅರ್ಧ ಮಿಲಿಮೀಟರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಪೊರೆಯನ್ನೂ ಎರಡಾಗಿ ಬಿಡಿಸಿದರು. ಮೇಲಿನ ಪದರ ಹಾಳಾದವರಿಗೆ ಮೇಲಿನದು, ಒಳಪದರ ಹಾಳಾದವರಿಗೆ ಒಳಗಿನದು. ಹಾಗೆ ಒಂದು ಕಣ್ಣು ಇಬ್ಬರಿಗೆ. ಅದೇ ಆಸ್ಪತ್ರೆಯ ಕಣ್ಣಿನ ಬ್ಯಾಂಕು 1994ರಿಂದ ಡಾ. ರಾಜ್‌ಕುಮಾರ್ ಹೆಸರಿನಲ್ಲಿದೆ. 2006ರಲ್ಲಿ ರಾಜ್‌ಕುಮಾರ್ ಹೋದಾಗ ಅವರ ಕಣ್ಣೂ ದಾನವಾಗಿತ್ತು, 2017ರಲ್ಲಿ ಪಾರ್ವತಮ್ಮನವರದೂ. ಇದನ್ನೆಲ್ಲ ಆ ಹುಡುಗ ನನಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ತನ್ನ ಮನೆಯವರ ವಿಷಯ ಹೇಳುವ ಹಾಗೆ ಹೇಳುತ್ತಿದ್ದ. ನೇತ್ರದಾನದ ಅರ್ಜಿಗೆ ಸಹಿ ಹಾಕುವಾಗ ಅವನಿಗೆ ಹದಿನೆಂಟು ತುಂಬಿ ಒಂದು ವಾರ.

ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರು ಅನ್ನುತ್ತಿದ್ದರು. ನಮ್ಮ ದೊಡ್ಡಮ್ಮ ಅಂಥ ಒಬ್ಬ ದೇವರು. ಆ ದೇವರಿಗೆ ಈಗ ಅಣ್ಣಾವ್ರ ಮಾತು ಕೇಳುತ್ತಿಲ್ಲ.

ಐದು ಮಕ್ಕಳು ಸೇರಿದರು. ಆ ಹುಡುಗ, ಅವನ ತಂಗಿ, ಠಾಣೆಯ ಇಬ್ಬರು, ಮುಲುಂಡಿನ ಒಬ್ಬಳು ಹುಡುಗಿ. ದೊಡ್ಡಮ್ಮ ಆವತ್ತು ಸದ್ದಿಲ್ಲದೆ ನೋಡುತ್ತಿದ್ದ ಅದೇ ಸಿನಿಮಾ ಆರಿಸಿಕೊಂಡರು. ಸಬ್‌ಟೈಟಲಿನ ಫೈಲು ಅಂದರೆ ಏನೋ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ತೆರೆದು ನೋಡಿದರೆ ಬರೀ ಅಕ್ಷರ: ಸಾಲಿನ ಸಂಖ್ಯೆ, ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಕಾಣಬೇಕು, ಅದರ ಕೆಳಗೆ ಮಾತು. ಮಾತನ್ನು ಕೇಳಿ ಬರೆದುಕೊಡುವ ಯಂತ್ರಗಳು ಈಗ ಬಂದಿವೆಯಲ್ಲ, ಮೊದಲು ಅದಕ್ಕೆ ಕೊಟ್ಟರು. ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವುದನ್ನು ಅದು ಚೆನ್ನಾಗಿ ಹಿಡಿಯಿತು. ವಾರಗಟ್ಟಲೆ ಕೆಲಸ ಉಳಿಯಿತು, ಇದನ್ನು ಒಪ್ಪಲೇಬೇಕು. ಮಾತು ಮಾತ್ರ ಅದಕ್ಕೆ ದಕ್ಕಲಿಲ್ಲ. ಇವತ್ತಿನ ಕನ್ನಡ ಕೇಳಿ ಪಳಗಿದ ಯಂತ್ರಕ್ಕೆ ಪೌರಾಣಿಕದ ಕನ್ನಡ ಹೊಸದು. ‘ಧನುಸ್ಸು’ ಇದ್ದಲ್ಲಿ ‘ದಿನಸಿ’ ಬರೆದಿತ್ತು. ಹಾಗಾಗಿ ಐವರೂ ಕೂತು ಸಾಲು ಸಾಲನ್ನೂ ಮತ್ತೆ ಕೇಳಿ ತಿದ್ದಿದರು. ಗೊತ್ತಾಗದ ಮಾತಿಗೆ ನನಗೆ ಫೋನು. ರಾತ್ರಿ ಹನ್ನೊಂದಕ್ಕೆ “ಆಂಟಿ, ಅನುಜ ಅಂದ್ರೆ ಯಾರು?” ತಮ್ಮ ಅಂದೆ. “ಮತ್ತೆ ಅಗ್ರಜ?” ಅಣ್ಣ. ಅಪ್ಪು ಹುಡುಗನ ತಂಗಿ ಆವತ್ತಿನಿಂದ ಅವನನ್ನು ಅಗ್ರಜ ಅಂತಲೇ ಕರೆಯುತ್ತಾಳೆ.

ಓದಲು ಬಾರದವರು ಬರೆದದ್ದು ಹೇಗೆ ಅಂತ ಕೇಳುತ್ತೀರಿ. ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳು, ಕ ಖ ಗ ಘ ಕ್ರಮ ಬಾಯಿಪಾಠ. ಅಕ್ಷರದ ಆಕಾರ ಹೊಸದು, ವರ್ಣಮಾಲೆ ಹೊಸದಲ್ಲ. ಇನ್ನು ಕೀಲಿಮಣೆ. ಕೆ.ಪಿ. ರಾವ್ ಅವರ ಹೆಸರು ನಿಮಗೆ ಗೊತ್ತಿರಬೇಕು, ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ನಮ್ಮ ಮುಂಬೈಯಲ್ಲೂ ದುಡಿದವರು. ಕನ್ನಡವನ್ನು ಉಚ್ಚಾರದಂತೆ ಟೈಪು ಮಾಡುವ ವಿನ್ಯಾಸ ಅವರದು. ಅದನ್ನು ಯಾರಿಂದಲೂ ಕಾಸು ಪಡೆಯದೆ ಕನ್ನಡಕ್ಕೆ ಬಿಟ್ಟುಕೊಟ್ಟರು. ಅದರಲ್ಲಿ ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ಎರಡು ಅಕ್ಷರಗಳ ನಡುವೆ ಎಫ್. ಮುಲುಂಡಿನ ಹುಡುಗಿ ಈಗ ಮಾತಿನಲ್ಲೂ “ಧರ್ಮಕ್ಕೆ ಶಿಫ್ಟ್ ದ” ಅನ್ನುತ್ತಾಳೆ. ಮಹಾಪ್ರಾಣ ಅವಳಿಗೆ ಬೆರಳಿನಿಂದ ಬಂತು. ಅದನ್ನು ಕಲಿಸಲು ಸಂಘದ ಕನ್ನಡ ತರಗತಿಯಲ್ಲಿ ನಾನು ಎರಡು ವರ್ಷ ಒದ್ದಾಡಿದ್ದೆ.

ಆಮೇಲೆ ಶುರುವಾದದ್ದು ನಿಜವಾದ ಕಸುಬು. ಮಾತು ವೇಗ, ಓದು ನಿಧಾನ. ಸಾಲನ್ನು ಚಿಕ್ಕದು ಮಾಡೋಣ ಅಂತ ಒಬ್ಬ, ಅಣ್ಣಾವ್ರ ಮಾತನ್ನು ಕತ್ತರಿಸಲು ನಾವು ಯಾರು ಅಂತ ಇನ್ನೊಬ್ಬ. ಜಗಳವೇ ಆಯಿತು. ಕೊನೆಗೆ ರಾಜ್‌ಕುಮಾರ್ ಉಸಿರು ತೆಗೆದುಕೊಳ್ಳುವ ಕಡೆ ಸಾಲು ಮುರಿಯುವುದು ಅಂತ ತೀರ್ಮಾನಿಸಿದರು. ನಟ ಎಲ್ಲಿ ನಿಲ್ಲುತ್ತಾನೋ ಅಲ್ಲಿ ಓದುವವರೂ ನಿಲ್ಲಲಿ. ನನಗೆ ಇದು ತೋಚುತ್ತಿರಲಿಲ್ಲ. ಮಾತಲ್ಲದ ಸದ್ದನ್ನು ಏನು ಮಾಡುವುದು? ‘ಸಂಗೀತ’ ಅಂತ ಹಾಕಿದರೆ ಸಾಕು ಅಂದೆ. ಠಾಣೆಯ ಹುಡುಗ ಒಪ್ಪಲಿಲ್ಲ. ಯಾವ ಸಂಗೀತ ಅಂತ ಅಜ್ಜಿಗೆ ಗೊತ್ತಾಗಬೇಕು ಅಂದ. ಅವನು ಬರೆದದ್ದು: ‘ದೂರದಲ್ಲಿ ಕೊಳಲು’, ‘ಮದ್ದಳೆ ಜೋರಾಗುತ್ತಿದೆ’, ‘ಗೆಜ್ಜೆ ನಿಂತಿತು’. ಇದನ್ನು ನಾನು ಕವಿತೆ ಅಂತಲೇ ಕರೆಯುತ್ತೇನೆ.

ಒಂದು ಭಾಷೆಯ ಹಾಡಿಗೆ ಅದೇ ಭಾಷೆಯ ಅಕ್ಷರ ಹಾಕುವುದು ನಮ್ಮ ಮಕ್ಕಳ ಹೊಸ ಕಲ್ಪನೆಯೇನಲ್ಲ. 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಇದನ್ನು ಶುರು ಮಾಡಿದರು. ಸ್ಪ್ಯಾನಿಷ್ ಕಲಿಯುತ್ತಿದ್ದಾಗ ಸ್ಪ್ಯಾನಿಷ್ ಸಿನಿಮಾ ನೋಡುತ್ತ, ಇದಕ್ಕೆ ಸ್ಪ್ಯಾನಿಷ್ ಅಕ್ಷರವೇ ಇದ್ದರೆ ಚೆನ್ನಾಗಿತ್ತಲ್ಲ ಅನ್ನಿಸಿತಂತೆ. ಗುಜರಾತಿ ಸಿನಿಮಾ ಹಾಡುಗಳಿಂದ ಶುರುವಾಗಿ 2002ರಲ್ಲಿ ದೂರದರ್ಶನದ ಚಿತ್ರಹಾರಕ್ಕೂ ಅಕ್ಷರ ಬಂತು. ಅರೆಬರೆ ಓದು ಬಲ್ಲವರು ಹಾಡು ಕೇಳುತ್ತಲೇ ಓದು ಗಟ್ಟಿಮಾಡಿಕೊಳ್ಳಲಿ ಅನ್ನುವುದು ಅದರ ಉದ್ದೇಶ. ಕಿವಿ ಕೇಳದವರಿಗೆ, ಕಣ್ಣು ಕಾಣದವರಿಗೆ ಚಿತ್ರಮಂದಿರದಲ್ಲಿ ಅನುಕೂಲ ಇರಬೇಕು ಅಂತ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಒಳ್ಳೆಯದೇ. ಆದರೆ ದೊಡ್ಡಮ್ಮನ ಸಿನಿಮಾ ಬಿಡುಗಡೆಯಾಗಿ ಅರವತ್ತು ವರ್ಷ. ಅದಕ್ಕೆ ಅಕ್ಷರ ಬರೆಯುವವರು ಮನೆಯವರೇ ಆಗಬೇಕು.

ಮೊದಲ ಸಲ ದೊಡ್ಡಮ್ಮನ ಟಿವಿಗೆ ಹಾಕಿದಾಗ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಕಂಡವು. ಆ ಟಿವಿಯಲ್ಲಿ ಕನ್ನಡ ಫಾಂಟೇ ಇಲ್ಲ. ಮಕ್ಕಳ ಮುಖ ಸಣ್ಣದಾಯಿತು. ಲ್ಯಾಪ್‌ಟಾಪ್ ತಂದು ಟಿವಿಗೆ ಜೋಡಿಸಿದರೆ ಅಕ್ಷರ ಬಂತು, ಒತ್ತುಗಳು ಕೆಳಗೆ ತುಂಡಾದವು. ಎರಡನೇ ಸಾಲಿನ ‘ಕೃಷ್ಣ’ನ ಕೆಳಗಿನ ಣ ಪರದೆಯ ಅಂಚಿನಲ್ಲಿ ಅರ್ಧ ಕಾಣುತ್ತಿತ್ತು. ಇಂಗ್ಲಿಷಿಗೆ ಲೆಕ್ಕ ಹಾಕಿಟ್ಟ ಜಾಗದಲ್ಲಿ ಕನ್ನಡದ ಒತ್ತಿಗೆ ಸ್ಥಳ ಇರುವುದಿಲ್ಲ. ಸಾಲನ್ನು ಒಂದಿಷ್ಟು ಮೇಲಕ್ಕೆ ಎತ್ತಿ, ಅಕ್ಷರ ದೊಡ್ಡದು ಮಾಡಿ, ಹಿಂದೆ ಕಪ್ಪು ಪಟ್ಟಿ ಹಾಕಿದ ಮೇಲೆ ಸರಿಹೋಯಿತು.

ಅಕ್ಟೋಬರ್ ಮೊದಲ ಭಾನುವಾರ ಸಂಘದ ಸಭಾಂಗಣದಲ್ಲಿ ಪರದೆ ಕಟ್ಟಿದೆವು. ಮೂವತ್ತು ಕುರ್ಚಿ ಹಾಕಿದ್ದೆವು, ಸಾಲಲಿಲ್ಲ. ಕಿವಿ ಮಂದವಾದ ಹಿರಿಯರು ನಮ್ಮಲ್ಲಿ ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತಾದದ್ದು ಆವತ್ತೇ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ದೊಡ್ಡಮ್ಮ ಮೊದಲ ಹತ್ತು ನಿಮಿಷ ಸುಮ್ಮನೆ ಓದಿದರು. ತುಟಿ ಅಲುಗುತ್ತಿತ್ತು. ಹಾಡು ಬಂತು. ಪರದೆಯ ಮೇಲಿನ ಮುಖ ಅಣ್ಣಾವ್ರದು, ಕಂಠ ಪಿ.ಬಿ. ಶ್ರೀನಿವಾಸರದು. ಮೊದಲ ಸಾಲಿನ ಎರಡು ಪದ ಕಂಡದ್ದೇ ತಡ, ದೊಡ್ಡಮ್ಮ ಹಾಡತೊಡಗಿದರು. ಅವರಿಗೆ ಹಿಮ್ಮೇಳ ಕೇಳುತ್ತಿರಲಿಲ್ಲವಲ್ಲ, ಹಾಗಾಗಿ ತಮ್ಮದೇ ತಾಳ. ಸಬ್‌ಟೈಟಲಿಗಿಂತ ಅರ್ಧ ಸಾಲು ಮುಂದೆ. ಪಕ್ಕದಲ್ಲಿದ್ದ ಸೊಸೆ ಕೈ ಮುಟ್ಟಿ ನಿಲ್ಲಿಸಲು ಹೋದಳು, ನಾನು ಬೇಡ ಅಂದೆ. ಎರಡನೇ ಚರಣಕ್ಕೆ ಹಿಂದಿನಿಂದ ಇನ್ನೂ ನಾಲ್ಕೈದು ದನಿ ಸೇರಿದವು.

ಸಿನಿಮಾ ಮುಗಿದ ಮೇಲೆ ಚಹಾ, ಗೋಳಿಬಜೆ. ಐವರೂ ದೊಡ್ಡಮ್ಮನ ಸುತ್ತ ನಿಂತರು. ಅಪ್ಪು ಹುಡುಗ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಹೇಗಿತ್ತು ಅಜ್ಜಿ?’ ಅಂತ ಕನ್ನಡದಲ್ಲೇ ಟೈಪು ಮಾಡಿ ತೋರಿಸಿದ. ದೊಡ್ಡಮ್ಮ ಅವನ ತಲೆ ಸವರಿ, “ಒಂದು ತಪ್ಪುಂಟು ಮಗಾ” ಅಂದರು.

ಯುದ್ಧಕ್ಕೆ ಮೊದಲು ಮಗುವನ್ನು ಎತ್ತಿಕೊಳ್ಳುವ ಜಾಗ. ಅಲ್ಲಿ ವಾದ್ಯದ ಅಬ್ಬರ ಜಾಸ್ತಿ, ಮಾತು ಸರಿಯಾಗಿ ಕೇಳದೆ ಮಕ್ಕಳು ಊಹಿಸಿ ‘ಮಗನೇ’ ಅಂತ ಬರೆದಿದ್ದರು. “ಅದು ಮಗನೇ ಅಲ್ಲ, ಕಂದಾ” ಅಂದರು ದೊಡ್ಡಮ್ಮ. “ಮಗನೇ ಅನ್ನಲಿಕ್ಕೆ ತುಟಿ ಮುಚ್ಚಬೇಕಲ್ಲ? ಅಣ್ಣಾವ್ರು ತುಟಿ ಮುಚ್ಚಲೇ ಇಲ್ಲ, ನೋಡಿ ಬೇಕಾದ್ರೆ.”

ಮಕ್ಕಳು ಅಲ್ಲೇ ಲ್ಯಾಪ್‌ಟಾಪ್ ತೆರೆದು ಆ ಜಾಗವನ್ನು ಮೂರು ಸಲ ಹಿಂದೆ ಮುಂದೆ ಓಡಿಸಿದರು. ತುಟಿ ಮುಚ್ಚುವುದಿಲ್ಲ. ಮುಲುಂಡಿನ ಹುಡುಗಿ ಗೋಳಿಬಜೆಯ ಎಣ್ಣೆ ಬೆರಳು ದುಪಟ್ಟಾಕ್ಕೆ ಒರೆಸಿಕೊಂಡು ಕೂತಳು. ಸಾಲು 612. ಈಗ ಅಲ್ಲಿ ‘ಕಂದಾ’ ಎಂದಿದೆ.