ಕಂಬಿಗೆ ಕಟ್ಟಿದ ಮಫ್ಲರ್

ಪುಟ್ಟೀ,

ನೀನು ಕೊಟ್ಟ ಪಟ್ಟಿಯಲ್ಲಿ ಹನ್ನೊಂದು ಜಾಗ ಇದ್ದವು. ನಿನ್ನೆ ಇಡೀ ದಿನದಲ್ಲಿ ನಾವು ನೋಡಿದ್ದು ಎರಡೇ. ಬೈಬೇಡ. ವಿಯೆನ್ನಾಗೆ ಬಂದು ಅರಮನೆ ನೋಡಲಿಲ್ವಾ ಅಂತ ಯಾರಾದರೂ ಕೇಳಿದರೆ, ಮೈಸೂರಿನವರಿಗೆ ಅರಮನೆ ಏನು ಹೊಸದಾ ಅಂತೀನಿ.

ಬೆಳಿಗ್ಗೆ ಹತ್ತಕ್ಕೆ ರಿಂಗ್ ರಸ್ತೆಯ ದೊಡ್ಡ ಕಲಾ ಮ್ಯೂಸಿಯಂಗೆ ಹೋದೆವು. 1891ರಲ್ಲಿ ತೆರೆದದ್ದು. ಮೆಟ್ಟಿಲ ಮೇಲೆ ಕಂಬಗಳ ಸಂದಿಯಲ್ಲಿ ಕ್ಲಿಮ್ಟ್ ಬರೆದ ಚಿತ್ರಗಳಿವೆ, ನೋಡಿ ನೋಡಿ ಕತ್ತು ಹಿಡಿದುಕೊಂಡಿತು. ಬೇರೆ ಕೋಣೆಗಳನ್ನು ಸುಮ್ನೆ ದಾಟಿ, ಬ್ರೂಗೆಲ್ ಅನ್ನೋ ಹಳೇ ಕಾಲದ ಚಿತ್ರಕಾರನ ಕೋಣೆಗೆ ಹೋದೆವು. ಅವನ ಚಿತ್ರಗಳಲ್ಲಿ ಇವತ್ತಿಗೆ ಉಳಿದಿರುವುದೇ ಸುಮಾರು 40. ಅದರಲ್ಲಿ 12 ಇಲ್ಲಿವೆ.

ನಾನು ಹಿಮದಲ್ಲಿ ನಡೆಯುವ ಬೇಟೆಗಾರರ ಚಿತ್ರದ ಮುಂದೆ ನಿಂತಿದ್ದೆ. ‘ರೀ, ಇಲ್ಲಿ ಬನ್ನಿ’ ಅಂತ ನಿಮ್ಮಮ್ಮ ಕೂಗಿದಳು. ಕಾವಲಿನವನು ತಿರುಗಿ ನೋಡಿದ. ಅವಳು ನಿಂತಿದ್ದು 1560ರ ‘ಮಕ್ಕಳ ಆಟಗಳು’ ಮುಂದೆ. ಊರ ಬೀದಿ ತುಂಬಾ ಇನ್ನೂರಕ್ಕೂ ಜಾಸ್ತಿ ಮಕ್ಕಳು, ಎಂಬತ್ತಕ್ಕೂ ಜಾಸ್ತಿ ಆಟ. ಕೆಳಗೆ ಎಡಮೂಲೆಯಲ್ಲಿ ಇಬ್ಬರು ಕೂತು ಮೂಳೆ ಚೂರುಗಳನ್ನು ಎಸೆದು ಹಿಡಿಯುತ್ತಿದ್ದಾರೆ. ‘ನಮ್ಮ ಅಣ್ಣೆಕಲ್ಲು ಅಲ್ವಾ ಇದು!’ ಅಂದಳು. ಆಮೇಲೆ ಒಂದೊಂದೇ ಸಿಕ್ಕವು. ಗಾಲಿ ಓಡಿಸುವ ಹುಡುಗರು, ಬುಗುರಿ, ಕಣ್ಣಿಗೆ ಬಟ್ಟೆ ಕಟ್ಟಿದವಳು, ಬಗ್ಗಿದವನ ಬೆನ್ನು ಹಾರುವವರು. ಒಂದು ಮುಖದಲ್ಲೂ ನಗು ಇಲ್ಲ, ನೋಡು. ಎಲ್ಲರಿಗೂ ಆಟವೇ ಕೆಲಸ. ಆ ಒಂದು ಚಿತ್ರಕ್ಕೇ ಮುಕ್ಕಾಲು ಗಂಟೆ ಹೋಯಿತು.

ಮಧ್ಯಾಹ್ನ ಕಾಫಿಹೌಸ್. ಇಲ್ಲಿ ಕಾಫಿ ಜೊತೆ ಸಣ್ಣ ತಟ್ಟೆಯಲ್ಲಿ ಒಂದು ಲೋಟ ನೀರೂ ಬರುತ್ತದೆ. ಪೇಪರನ್ನು ಮರದ ಕೋಲಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಎಷ್ಟು ಹೊತ್ತು ಕೂತರೂ ನಾವು ಕೇಳುವ ತನಕ ಬಿಲ್ಲು ತರಲ್ಲ. ನಮ್ಮ ದರ್ಶಿನಿಯಲ್ಲಿ ನಿಂತೇ ಕುಡಿದು ಅಭ್ಯಾಸ ಆದವನಿಗೆ ಮೊದಲ ಅರ್ಧ ಗಂಟೆ ಮುಜುಗರ. ತಿನ್ನಲು ಕೈಸರ್‌ಶ್ಮಾರ್ನ್ ಅಂತ ತರಿಸಿದೆವು. ದಪ್ಪ ಸಿಹಿ ದೋಸೆಯಂಥದ್ದನ್ನು ಚೂರು ಚೂರು ಮಾಡಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಪ್ಲಮ್ ಹಣ್ಣಿನ ಗೊಜ್ಜಿನ ಜೊತೆ ಕೊಡುತ್ತಾರೆ. ‘ಕಾವಲಿ ಬಿಟ್ಟಿಲ್ಲ, ಕಿತ್ತು ಹಾಕಿದ್ದಾರೆ’ ಅಂದಳು ನಿಮ್ಮಮ್ಮ. ಆದರೂ ತಟ್ಟೆ ಖಾಲಿ ಮಾಡಿದ್ದು ಅವಳೇ. ಮೊಟ್ಟೆ ಇದೆ ಕಣೇ ಅಂದೆ. ಕೇಕಲ್ಲಿ ಇರಲ್ವಾ ಅಂದಳು.

ಸಂಜೆ ಒಪೆರಾ ಹೌಸಿನಲ್ಲಿ ‘ಜಿಸೆಲ್’ ಬ್ಯಾಲೆ. 1945ರಲ್ಲಿ ಬಾಂಬ್ ಬಿದ್ದು ಆ ಕಟ್ಟಡ ಸುಟ್ಟುಹೋಗಿತ್ತು. ಮುಂಭಾಗ, ದೊಡ್ಡ ಮೆಟ್ಟಿಲು ಉಳಿದಿದ್ದವು. ಮತ್ತೆ ಕಟ್ಟಿ ಬಾಗಿಲು ತೆರೆದದ್ದು 1955ರಲ್ಲಿ. ನಾವು ತೆಗೆದುಕೊಂಡದ್ದು ನಿಂತು ನೋಡುವ ಟಿಕೆಟ್. ಕಡಿಮೆ ದುಡ್ಡು, ಆದರೆ ರಂಗ ನೇರ ಎದುರಿಗೇ ಕಾಣುತ್ತದೆ. ಒಳಗೆ ಹೋದವರೆಲ್ಲ ಮುಂದಿನ ಕಂಬಿಗೆ ಮಫ್ಲರ್ ಕಟ್ಟಿ, ಜಾಗ ಹಿಡಿದು, ಆರಾಮಾಗಿ ಆಚೆ ಹೋಗುತ್ತಿದ್ದರು! ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೇ. ನಿಮ್ಮಮ್ಮನ ಮಫ್ಲರೂ ಎರಡು ಗಂಟು ಬಿಗಿಯಿತು.

ಜಿಸೆಲ್ ಹಳ್ಳಿ ಹುಡುಗಿ. ಮೋಸ ಹೋಗಿ, ಬುದ್ಧಿ ಕೆಟ್ಟು ಸಾಯುತ್ತಾಳೆ. ಎರಡನೇ ಅಂಕದಲ್ಲಿ ಅವಳಂತೆಯೇ ಸತ್ತ ಹುಡುಗಿಯರೆಲ್ಲ ಬಿಳಿ ಬಟ್ಟೆಯಲ್ಲಿ ಬರುತ್ತಾರೆ. ಎರಡೂ ಕಡೆಯಿಂದ ಸಾಲಾಗಿ, ಒಂದು ಕಾಲು ಹಿಂದಕ್ಕೆ ಚಾಚಿ, ಇನ್ನೊಂದರಲ್ಲಿ ಕುಪ್ಪಳಿಸುತ್ತಾ ಎದುರುಬದುರು ದಾಟುತ್ತಾರೆ. ‘ಕುಂಟೆಬಿಲ್ಲೆ’ ಅಂತ ಇವಳು ಪಿಸುಗುಟ್ಟಿದಳು. ಗೆಜ್ಜೆ ಇಲ್ಲ. ಅಷ್ಟೂ ಕಾಲು ಒಟ್ಟಿಗೆ ಹಲಗೆಗೆ ತಾಗುವ ಸದ್ದು ಮಾತ್ರ, ಧಪ್ ಧಪ್ ಅಂತ. ಆ ಸದ್ದಿಗೆ ನನಗೆ ನಿನ್ನ ಭರತನಾಟ್ಯ ಕ್ಲಾಸಿನ ನೆಲ ನೆನಪಾಯಿತು. ಎಸ್ಸೆಸ್ಸೆಲ್ಸಿ ಅಂತ ಕ್ಲಾಸು ಬಿಡಿಸಿದ್ದು ನಾನೇ. ಒಂದು ವರ್ಷಕ್ಕೆ ಅಂತ ಹೇಳಿದ್ದೆ, ಆಮೇಲೆ ಆ ಮಾತೇ ಎತ್ತಲಿಲ್ಲ. ನೀನೂ ಎತ್ತಲಿಲ್ಲ. ಪಕ್ಕದಲ್ಲಿ ನಿಮ್ಮಮ್ಮ ಕಂಬಿ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು.

ಇವತ್ತು ಅವಳ ಕಾಲು ಊದಿದೆ, ಬಿಸಿನೀರಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಪಟ್ಟಿಯಲ್ಲಿ ಉಳಿದ ಒಂಬತ್ತು ಜಾಗ ಹಾಗೇ ಇವೆ. ಮ್ಯೂಸಿಯಂ ಎದುರಿನ ತೋಟದಿಂದ ಐದು ಕಲ್ಲು ಆರಿಸಿ ಪರ್ಸಿಗೆ ಹಾಕಿಕೊಂಡಿದ್ದಾಳೆ. ಏರ್‌ಪೋರ್ಟಲ್ಲಿ ಇದೇನು ಅಂತ ಕೇಳಿದರೆ ಏನು ಹೇಳಲಿ?

ನಿನ್ನ
ಅಪ್ಪ