ಆಯ್ಕೆಯಾದ ಮರುದಿನವೇ ಫ್ಲೆಕ್ಸ್ ಬೇಡ

ಮಾನ್ಯ ಸಂಪಾದಕರೇ,

ಭಟ್ಕಳದಿಂದ ಕಾರವಾರದವರೆಗೆ ಕಬಡ್ಡಿ ಆಡುತ್ತ ಬೆಳೆದ ಮಕ್ಕಳಿಗೆ ರಗ್ಬಿ ಒಗ್ಗುವ ಆಟವೇ. ಆದರೆ ಯಾರಾದರೂ ಭಾರತ ಕಿರಿಯರ ರಗ್ಬಿ ಶಿಬಿರಕ್ಕೆ ಆಯ್ಕೆಯಾದರೆ ಸಾಕು, ನಮ್ಮಲ್ಲಿ ಶಾಲು, ಹಾರ, ಸರ್ಕಲ್‌ನಲ್ಲಿ ಫ್ಲೆಕ್ಸ್. ಶಿಬಿರಕ್ಕೆ ಹೋದವರೆಲ್ಲ ತಂಡ ಸೇರುವುದಿಲ್ಲ. ಸೇರಿದರೂ ಸೆವೆನ್ಸ್ (ಏಳು ಮಂದಿಯ ರಗ್ಬಿ) ತಂಡದ 12 ಮಂದಿಯಲ್ಲಿ ಮೈದಾನದಲ್ಲಿರುವವರು 7 ಮಾತ್ರ.

ಪುರುಷರ ಕಬಡ್ಡಿ ಅಂಕಣ 13×10 ಮೀಟರ್, ರೈಡ್ 30 ಸೆಕೆಂಡ್. ರಗ್ಬಿ ಸೆವೆನ್ಸ್‌ನಲ್ಲಿ ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲದ ಮೈದಾನ. 7 ನಿಮಿಷದ ಎರಡು ಅವಧಿ, ಟೂರ್ನಿಯಲ್ಲಿ ದಿನಕ್ಕೆ ಎರಡು ಮೂರು ಪಂದ್ಯ. ಬೆಳಿಗ್ಗೆ ಮಿಂಚಿದ ರೈಡರ್ ಮೂರನೇ ಪಂದ್ಯದಲ್ಲಿ ಕಾಲೆಳೆಯುತ್ತಾನೆ. ಕಬಡ್ಡಿಯಂತೆ ಕೈ ಬಳಸದೆ ಮೈಯಿಂದಲೇ ಗುದ್ದಿ ಡ್ಯಾಶ್ ಕೊಟ್ಟರೆ ರಗ್ಬಿಯಲ್ಲಿ ಪೆನಾಲ್ಟಿ. ಚೆಂಡು ಹಿಡಿದ ಎದುರಾಳಿಯನ್ನು ಭುಜಕ್ಕಿಂತ ಕೆಳಗೆ ತಬ್ಬಿ ಕೆಡವಬೇಕು (ಇದೇ ಟ್ಯಾಕಲ್), ಬಿದ್ದ ತಕ್ಷಣ ಬಿಡಬೇಕು. ಕಬಡ್ಡಿಯಲ್ಲಿ ಬಿಗಿಹಿಡಿದೇ ಇರುವ ಅಭ್ಯಾಸವಾದ್ದರಿಂದ ಈ ಬಿಡುವುದೇ ಕಷ್ಟ. ಟ್ಯಾಕಲ್ ಮಾಡುವಾಗ ತಲೆ ಎದುರಾಳಿಯ ಮುಂದೆ ಸಿಕ್ಕಿಕೊಂಡರೆ ಅವನ ಮೊಣಕಾಲೋ ಸೊಂಟವೋ ನೇರ ಬಡಿಯುತ್ತದೆ. ತಲೆ ಅವನ ಹಿಂಬದಿಗೇ ಇರಬೇಕು. ತಲೆಗೆ ಪೆಟ್ಟಾದ ಅನುಮಾನ ಬಂದರೆ ಹೊರಗೆ ಕರೆಯಬೇಕು, ಆ ದಿನ ಮತ್ತೆ ಇಳಿಸಬಾರದು. ಊರೆಲ್ಲ ಕಾಯುತ್ತಿದೆ ಎಂದು ಗೊತ್ತಿರುವ ಹುಡುಗ ಮಾತ್ರ ತಲೆಸುತ್ತನ್ನು ಮುಚ್ಚಿಡುತ್ತಾನೆ.

ಜೋನಾ ಲೋಮು 1994ರಲ್ಲಿ, 19ನೇ ವಯಸ್ಸಿಗೇ ನ್ಯೂಜಿಲೆಂಡ್ ಹಿರಿಯರ ತಂಡಕ್ಕೆ ಬಂದರು. ಫ್ರಾನ್ಸ್ ವಿರುದ್ಧದ ಎರಡೂ ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ತಂಡ ಸೋತಿತು. ಸ್ಕ್ರಮ್‌ನಲ್ಲಿ ತಳ್ಳುವ ಫಾರ್ವರ್ಡ್ ಆಗಿ ಬೆಳೆದಿದ್ದ ಅವರಿಗೆ, ಮೈದಾನದ ಅಂಚಿನಲ್ಲಿ ಓಡುವ ಸ್ಥಾನವಾದ ವಿಂಗ್‌ನಲ್ಲಿ ಎಲ್ಲಿ ನಿಲ್ಲಬೇಕೆಂಬುದೇ ಇನ್ನೂ ಕೈವಶವಾಗಿರಲಿಲ್ಲ. ಸ್ಥಾನ ಹೋಯಿತು. ಮರುವರ್ಷದ ವಿಶ್ವಕಪ್‌ನಲ್ಲಿ 7 ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಪಡೆಯುವ ಅಂಕ), ಅದರಲ್ಲಿ 4 ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್‌ನಲ್ಲಿ! ಮೈಕಟ್ಟು, ವೇಗ ಎರಡೂ ಮೊದಲೇ ಇದ್ದವು; ಬೇಕಿದ್ದದ್ದು ಆ ಸ್ಥಾನ ಕಲಿಯಲು ಸಮಯ.

15 ಮಂದಿಯ ಆಟದಲ್ಲಿ ಸ್ಕ್ರಮ್‌ನ (ಎರಡೂ ತಂಡದವರು ಬಾಗಿ ಹೆಗಲು ಕೊಟ್ಟು ತಳ್ಳುವ ಗುಂಪು) ಮುಂದಿನ ಸಾಲಿನ ಪ್ರಾಪ್‌ಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. 19ರೊಳಗಿನವರ ಸ್ಕ್ರಮ್‌ನಲ್ಲಿ ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳುವಂತಿಲ್ಲ. ಹಿರಿಯರಿಗೆ ಆ ಮಿತಿಯಿಲ್ಲ. ಹಿರಿಯರ ಆಟಕ್ಕೆ ಬರುವವರೆಗೆ ಪ್ರಾಪ್ ಆಡುವ ಹುಡುಗನ ಕತ್ತು, ಬೆನ್ನು ಪೂರ್ತಿ ಪರೀಕ್ಷೆಗೇ ಒಳಗಾಗಿರುವುದಿಲ್ಲ.

ನಮ್ಮ ಕಡೆಯ ದೊಡ್ಡ ತೊಂದರೆ ಬೇರೆ. ಶಿಬಿರದಿಂದ ದಣಿದು ಬಂದವನನ್ನು ಅದೇ ವಾರ ಹೊನಲು ಬೆಳಕಿನ ಕಬಡ್ಡಿಗೆ ಎಳೆಯುತ್ತೇವೆ. 'ನಮ್ಮೂರ ಹುಡುಗ, ಒಂದು ಮ್ಯಾಚ್ ಆಡಲಿ' ಎನ್ನುತ್ತಾರೆ. ಗೆದ್ದರೆ ಒಂದು ಅಲ್ಲ, ಫೈನಲ್ ಮುಗಿಯುವಾಗ ಬೆಳಗಿನ ಜಾವ. ವಾರದ ಒಟ್ಟು ತರಬೇತಿ, ಪಂದ್ಯಗಳ ಗಂಟೆ ವಯಸ್ಸಿನ ಅಂಕಿ ಮೀರಬಾರದೆಂಬ ಸರಳ ಲೆಕ್ಕವೊಂದಿದೆ. 16ರ ಹುಡುಗನಿಗೆ 16 ಗಂಟೆ, ಅದರಲ್ಲೇ ಕಬಡ್ಡಿ, ರಗ್ಬಿ, ಶಾಲೆಯ ಕ್ರೀಡಾಕೂಟ ಎಲ್ಲವೂ. ಮೂರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ; ದಿಢೀರನೆ ಬೆಳೆಯುತ್ತಿದ್ದರೆ ಜಿಗಿತ, ಓಟ ಕಡಿಮೆ ಮಾಡಿ. ಆಗ ಮಂಡಿಚಿಪ್ಪಿನ ಕೆಳಗೆ ನೋವು ಬರುವುದು ಸಾಮಾನ್ಯ, ಅದು ಸೋಮಾರಿತನವಲ್ಲ.

ತಮ್ಮ ವರದಿಗಾರರಲ್ಲೂ ಒಂದು ವಿನಂತಿ. 'ಭವಿಷ್ಯದ ತಾರೆ' ಎಂದು ಬರೆಯುವ ಬದಲು ಯಾವ ವಯೋಮಿತಿಯ ತಂಡ, ಯಾವ ಸ್ಥಾನ, ಎಷ್ಟು ನಿಮಿಷ ಆಡಿದ, ಹಿಡಿದ ಟ್ಯಾಕಲ್ ಎಷ್ಟು, ತಪ್ಪಿದ್ದೆಷ್ಟು ಎಂದು ಬರೆಯಿರಿ. ಆಯ್ಕೆಯಾಗದೆ ಮರಳಿದರೆ ಅದನ್ನೂ ಎರಡು ಸಾಲಿನಲ್ಲಿ, ಯಾವ ಕೊರತೆ ತುಂಬಿಕೊಳ್ಳಲು ಕೋಚ್ ಹೇಳಿದ್ದಾರೆ ಎಂಬುದರ ಜತೆಗೆ ಹಾಕಿ.

— ಕೆಲವು ದೈಹಿಕ ಶಿಕ್ಷಣ ಶಿಕ್ಷಕರು, ಕಾರವಾರ