ನೆತ್ತಿ ತಟ್ಟಿದರೆ ಸಾಲದು

ಮಾನ್ಯ ಸಂಪಾದಕರೇ,

ಉಣ್ಣುವಾಗ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಂಡ್ರು’ ಎಂದು ತಲೆ ತಟ್ಟಿ ನೀರು ಕೊಡುವುದು ರೂಢಿ. ಜೋರಾಗಿ ಕೆಮ್ಮುತ್ತಿದ್ದರೆ ಅದೂ ಬೇಡ, ಅವರ ಪಾಡಿಗೆ ಕೆಮ್ಮಲು ಬಿಡಿ. ಹೆದರಬೇಕಾದ್ದು ಸದ್ದು ನಿಂತಾಗ. ಮುದ್ದೆಯ ತುತ್ತೋ ಮಾಂಸದ ತುಂಡೋ ಉಸಿರಿನ ದಾರಿಗೆ ಅಡ್ಡ ಕೂತರೆ ಮಾತೂ ಇಲ್ಲ, ಕೆಮ್ಮೂ ಇಲ್ಲ. ಕೈ ಗಂಟಲಿಗೆ ಹೋಗುತ್ತದೆ, ತುಟಿ ನೀಲಿಗಟ್ಟುತ್ತದೆ. ಮದುವೆ ಪಂಕ್ತಿಯಲ್ಲಿ ಹೀಗಾದವರು ನಾಚಿಕೊಂಡು ಕೈ ತೊಳೆಯುವ ಕಡೆಗೆ ಎದ್ದು ಹೋಗುವುದುಂಟು. ಒಬ್ಬರನ್ನೇ ಬಿಡಬೇಡಿ. ಉಸಿರು ಕಟ್ಟಿ ನಾಲ್ಕೈದು ನಿಮಿಷವಾದರೆ ಮಿದುಳಿಗೆ ಅಪಾಯ. ಮೂಡಿಗೆರೆ, ಕೊಪ್ಪದ ಒಳಗಿನ ಲೈನ್ ಮನೆಗಳಿಗೆ (ತೋಟದ ಕಾರ್ಮಿಕರ ಸಾಲುಮನೆಗಳಿಗೆ) 108 ಅಷ್ಟರಲ್ಲಿ ಬಂದು ಮುಟ್ಟುವುದು ಕಷ್ಟ. ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಕೈ ಹಚ್ಚಲಿ.

ಸೊಂಟದಿಂದ ಚೆನ್ನಾಗಿ ಮುಂದಕ್ಕೆ ಬಾಗಿಸಿ, ಎದೆಗೆ ಒಂದು ಕೈ ಆಸರೆ ಕೊಟ್ಟು, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ನೆಟ್ಟಗೆ ನಿಲ್ಲಿಸಿ ಹೊಡೆದರೆ ಸಿಕ್ಕಿದ್ದು ಇನ್ನೂ ಕೆಳಗಿಳಿದೀತು. ಬಾರದಿದ್ದರೆ ಹಿಂದಿನಿಂದ ತಬ್ಬಿ, ಮುಷ್ಟಿಯ ಹೆಬ್ಬೆರಳ ಮಗ್ಗುಲನ್ನು ಹೊಕ್ಕುಳಿಗಿಂತ ತುಸು ಮೇಲಿಟ್ಟು, ಇನ್ನೊಂದು ಕೈಯಿಂದ ಮುಷ್ಟಿ ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. 1974ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ ತಿಳಿಸಿದ ಉಪಾಯವಿದು: ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ ವಪೆ ಮೇಲೇರಿ, ಶ್ವಾಸಕೋಶದಲ್ಲಿ ಉಳಿದ ಗಾಳಿಯೇ ತುತ್ತನ್ನು ಬಿರಡೆಯಂತೆ ಹಾರಿಸುತ್ತದೆ. ಮುಷ್ಟಿ ಪಕ್ಕೆಲುಬಿಗೆ ತಾಗಬಾರದು. ದಾರಿ ಬಿಡುವವರೆಗೆ ಐದು ಏಟು, ಐದು ಜಗ್ಗು. ಗರ್ಭಿಣಿಯರಿಗೆ, ತಬ್ಬಲು ಕೈಗೆಟುಕದ ದಪ್ಪ ಮೈಯವರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಿ. ಹೊಟ್ಟೆ ಜಗ್ಗಿಸಿಕೊಂಡವರನ್ನು ಆಮೇಲೆ ವೈದ್ಯರಿಗೆ ತೋರಿಸಲೇಬೇಕು, ಒಳಗೆ ಪೆಟ್ಟಾಗಿರಬಹುದು.

ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್: 30 ಸಲ ಎದೆ ಒತ್ತಿ, ಬಾಯೊಳಗೆ ನೋಡಿ, 2 ಸಲ ಉಸಿರು ಊದುವುದು. ಕಣ್ಣಿಗೆ ಕಂಡದ್ದನ್ನಷ್ಟೇ ತೆಗೆಯಿರಿ; ಕುರುಡಾಗಿ ಬೆರಳು ಹಾಕಿದರೆ ಒಳಕ್ಕೆ ತಳ್ಳಿದಂತಾಗುತ್ತದೆ.

ವರ್ಷ ತುಂಬದ ಕೂಸಿನ ಹೊಟ್ಟೆ ಒತ್ತಲೇಬಾರದು, ಕಾಲು ಹಿಡಿದು ನೇತಾಡಿಸುವುದೂ ಬೇಡ. ಮೊಣಕೈ ಮುಂದಿನ ತೋಳಿನ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ದವಡೆಗೆ ಆಸರೆ ಕೊಟ್ಟು ಬೆನ್ನಿಗೆ 5 ಏಟು; ತಿರುಗಿಸಿ ಮೊಲೆತೊಟ್ಟುಗಳ ಗೆರೆಗಿಂತ ಸ್ವಲ್ಪ ಕೆಳಗೆ, ಎದೆಮೂಳೆಯ ಮೇಲೆ 5 ಒತ್ತು.

ಕಾಫಿ ಕೊಯ್ಲಿನಲ್ಲಿ ಕಣದ ಪಕ್ಕವೇ ಮಕ್ಕಳು ಆಡುತ್ತಿರುತ್ತಾರೆ. ಒಣಬೀಜ, ಅಡಿಕೆ ಹೋಳು, ಕಡಲೆಬೀಜ ಬಾಯಿಗೆ ಹೋಗಲು ಕ್ಷಣ ಸಾಕು. ಅಂಗನವಾಡಿ ಕಾರ್ಯಕರ್ತೆಯರಿಗೆ, ಬಿಸಿಯೂಟದವರಿಗೆ, ತೋಟದ ಮೇಸ್ತ್ರಿಗಳಿಗೆ ಗೊಂಬೆ ಇಟ್ಟು ಅರ್ಧ ದಿನದ ತರಬೇತಿ ಕೊಡಿಸಲು ಜಿಲ್ಲಾಡಳಿತ ಮನಸ್ಸು ಮಾಡಲಿ. ಇನ್ನೊಂದು ಮಾತು: ಒಮ್ಮೆ ಉಬ್ಬಸಪಟ್ಟ ಮಗು ತಟ್ಟನೆ ಸುಮ್ಮನಾದರೆ ಬೀಜ ಹೊಟ್ಟೆಗೆ ಇಳಿಯಿತೆಂದು ನಂಬಬೇಡಿ, ಶ್ವಾಸನಾಳದ ಕವಲಿಗೆ ಜಾರಿರಬಹುದು. ಇಂಥ ಬೀಜ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ದಿನಗಟ್ಟಲೆ ಕೆಮ್ಮು, ಗೊರಗೊರ ಉಳಿದರೆ ತಿಂದದ್ದೇನೆಂದು ವೈದ್ಯರಿಗೆ ಹೇಳಿ.

– ಪ್ರಥಮ ಚಿಕಿತ್ಸಾ ತರಬೇತುದಾರರು, ಚಿಕ್ಕಮಗಳೂರು